ಸಹಾಯ ಬೇಕು: ತಮ್ಮನ ಎನ್‌ಕೆ ಕಣದ ಪರೀಕ್ಷೆಗೆ ಶಿರಸಿಯಿಂದ ರಕ್ತ ಕಳಿಸಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ತಮ್ಮನಿಗೆ ರಕ್ತದ ಕ್ಯಾನ್ಸರ್ ಇತ್ತು. ಬೆಂಗಳೂರಿನಲ್ಲಿ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲ ಕಣ) ಕಸಿ ಆಗಿ ಇವತ್ತಿಗೆ 96 ದಿನ. ಕಣ ಕೊಟ್ಟವಳು ನಾನೇ.

ಕಸಿ ಆದ ಮೇಲೆ ಲಿಂಫೋಸೈಟ್‌ಗಳಲ್ಲಿ (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಮೊದಲು ವಾಪಸ್ ಬರೋದು ಎನ್‌ಕೆ, ಅಂದರೆ ನ್ಯಾಚುರಲ್ ಕಿಲ್ಲರ್ ಕಣಗಳು. ಸಾಮಾನ್ಯವಾಗಿ ಒಂದೆರಡು ತಿಂಗಳಲ್ಲೇ ಸಂಖ್ಯೆ ಏರುತ್ತದೆ. ಬಲಿತು ಸರಿಯಾಗಿ ಕೆಲಸ ಮಾಡೋಕೆ ಇನ್ನೂ ಸಮಯ ಬೇಕು. ಇನ್ನೊಂದು ಬಗೆಯ ಲಿಂಫೋಸೈಟ್ ಆದ ಟಿ ಕಣಗಳಿಗಂತೂ ವರ್ಷವೇ ಹಿಡಿಯಬಹುದು. ಅಲ್ಲಿಯವರೆಗೆ ವೈರಸ್ ಹೊಕ್ಕ ಕಣಗಳನ್ನು, ಅಳಿದುಳಿದ ಕ್ಯಾನ್ಸರ್ ಕಣಗಳನ್ನು ಹೊಡೆಯೋಕೆ ಎನ್‌ಕೆ ಕಣಗಳೇ ದೊಡ್ಡ ಆಸರೆ. ತಮ್ಮನಿಗೆ ಹೋದ ಸಲ ಅವು ಕಡಿಮೆ ಇದ್ದವು. ಮತ್ತೆ ಫ್ಲೋ ಸೈಟೋಮೆಟ್ರಿ (ರಕ್ತದ ಕಣಗಳನ್ನು ಬಗೆ ಬಗೆಯಾಗಿ ಎಣಿಸುವ ಪರೀಕ್ಷೆ) ಮಾಡಿಸಿ ಎಂದು ಡಾಕ್ಟರು ಹೇಳಿದ್ದಾರೆ.

ಈ ಪರೀಕ್ಷೆಗೆ ರಕ್ತ ತಾಜಾ ಇರಬೇಕು. ಅವನನ್ನು ಮತ್ತೆ ರಾತ್ರಿ ಬಸ್ಸಿಗೆ ಹತ್ತಿಸೋಕೆ ನನಗೆ ಭಯ. ಹೋದ ಸಲ ಪಕ್ಕದವರು ಕೆಮ್ಮಿದಾಗೆಲ್ಲ ಮಾಸ್ಕ್ ಒತ್ತಿ ಹಿಡಿದು, ಬೆಳಗಾಗುವವರೆಗೂ ಕಿಟಕಿಗೆ ಮುಖ ಮಾಡಿ ಕೂತಿದ್ದ. ಶಿರಸಿ, ಕುಮಟಾ, ಕಾರವಾರ ಕಡೆ ರಕ್ತ ತೆಗೆದು ಅದೇ ದಿನ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸುವ ಲ್ಯಾಬ್ ಯಾರಿಗಾದರೂ ಗೊತ್ತಾ?

ಇನ್ನೊಂದು ಮಾತು. ನಮ್ಮ ಅಂಗಳದ ತುಂಬ ಅಡಿಕೆ ಸಿಪ್ಪೆ, ಅಡಿಯಲ್ಲಿ ಬಿಳಿ ಬೂಷ್ಟು. ಅದರ ಧೂಳು ಅವನ ಶ್ವಾಸಕೋಶಕ್ಕೆ ಅಪಾಯ. ಶಿರಸಿ ಪೇಟೆಯಲ್ಲಿ ಗಾಳಿ ಬೆಳಕಿರುವ, ಕೊಟ್ಟಿಗೆ ಹತ್ತಿರ ಇಲ್ಲದ ಬಾಡಿಗೆ ಮನೆ ಇದ್ದರೆ ಹೇಳಿ, 6 ತಿಂಗಳಿಗೆ ಸಾಕು.

ಕಷಾಯ, ನಾಟಿ ಮದ್ದು ಮಾತ್ರ ದಯವಿಟ್ಟು ಹೇಳಬೇಡಿ. ಅವನ ಮಾತ್ರೆಗಳ ಜೊತೆ ಅವು ಆಗದೇ ಇರಬಹುದು. ಕಸಿ ಮಾಡಿಸಿಕೊಂಡವರು ಈ ಕಡೆ ಯಾರಾದರೂ ಇದ್ದರೆ ಮೆಸೇಜ್ ಮಾಡಿ. ಅವನಿಗೆ ನಿಮ್ಮ ಹತ್ತಿರ ಮಾತಾಡಬೇಕಂತೆ.