ಕಲ್ಲಾದ ಮರ: ಕಲ್ಮರವೋ, ಮರಗಲ್ಲೋ?

ಎಲ್ಲರಿಗೂ ನಮಸ್ಕಾರ.

ಹೊಲ ಉಳುವಾಗ, ಹಳ್ಳದ ದಂಡೆ ಕುಸಿದಾಗ ಕೆಲವು ಕಡೆ ಕಲ್ಲಾಗಿ ಹೋದ ಮರದ ತುಂಡುಗಳು ಸಿಗುತ್ತವೆ. ಇವಕ್ಕೆ ಏನನ್ನೋಣ? ಬರಹದಲ್ಲಿ ‘ಶಿಲೀಭೂತ ಮರ’ ಅಂತ ಬರುತ್ತದೆ. ತಪ್ಪೇನಿಲ್ಲ. ಆದರೆ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಯಾರೂ ಹಾಗೆ ಹೇಳುವುದಿಲ್ಲ ಅಲ್ವಾ? ‘ಪಳೆಯುಳಿಕೆ’ ಅಂದರೆ ಚಿಪ್ಪು, ಮೂಳೆ, ಹೆಜ್ಜೆಗುರುತು ಎಲ್ಲವೂ ಬಂತು.

ಉಳಿದದ್ದು ಕಲ್ಮರ ಮತ್ತು ಮರಗಲ್ಲು. ನಮ್ಮ ಜೋಡುಪದಗಳಲ್ಲಿ ಸಾಮಾನ್ಯವಾಗಿ ಕೊನೆಗೆ ಬಂದದ್ದೇ ಯಜಮಾನ. ಕಲ್ಲುಪ್ಪು ಉಪ್ಪೇ. ಕಲ್ಲಿದ್ದಲು ಉರಿಯುತ್ತದೆ, ಹಾಗಾಗಿ ಅದನ್ನು ಇದ್ದಲು ಅನ್ನುವುದು ನ್ಯಾಯ. ಈ ತುಂಡು ಉರಿಯುವುದಿಲ್ಲ. ಮಣ್ಣಿನಡಿ ಹೂತ ಮರದೊಳಕ್ಕೆ ಸಿಲಿಕಾ ಅನ್ನುವ ಖನಿಜ ಕರಗಿದ ನೀರು ಇಳಿದು, ಕಣಕಣವನ್ನೂ ತುಂಬಿ ಗಟ್ಟಿಯಾಗಿರುತ್ತದೆ. ಹೆಚ್ಚಿನವು ಬೆಣಚುಕಲ್ಲಿನ ಜಾತಿಯವೇ. ಅಡ್ಡ ಮುರಿದ ಕಡೆ ಮರದ ಉಂಗುರಗಳು ಎಷ್ಟೋ ಸಲ ಹಾಗೇ ಕಾಣುತ್ತವೆ, ಕೆಲವದರಲ್ಲಿ ಕಬ್ಬಿಣದ ಕೆಂಪು, ಹಳದಿ ಬಣ್ಣ. ಎತ್ತಿದರೆ ಮಾತ್ರ ಭಾರ. ಚಾಕುವಿನಿಂದ ಗೀಚಿದರೆ ಕಲ್ಲಿಗೆ ಏನೂ ಆಗುವುದಿಲ್ಲ, ಚಾಕುವಿನ ಲೋಹವೇ ಸವೆದು ಅದರ ಮೇಲೆ ಬೂದು ಗೀಟು ಬೀಳುತ್ತದೆ. ಇಷ್ಟಾದ ಮೇಲೂ ಅದನ್ನು ಮರ ಅನ್ನಲು ನನಗೆ ಮನಸ್ಸಿಲ್ಲ. ನನ್ನ ಓಟು ಮರಗಲ್ಲಿಗೆ.

ತೊಡಕಿರುವುದು ಕಿವಿಯಲ್ಲಿ. ‘ಮರಗಲ್ಲು’, ‘ಮರಳುಗಲ್ಲು’ ಬೇಗ ಹೇಳಿದರೆ ಒಂದೇ ಥರ ಕೇಳಿಸುತ್ತವೆ. ಅದೂ ಎರಡೂ ಒಟ್ಟೊಟ್ಟಿಗೇ ಸಿಗುವಂಥವು. ತಮಿಳುನಾಡಿನ ತಿರುವಕ್ಕರೈಯಲ್ಲಿ ಕಲ್ಲಾದ ಕಾಂಡಗಳು ಇರುವುದೇ ಮರಳುಗಲ್ಲಿನಲ್ಲಿ. ‘ಮರಳುಗಲ್ಲಿನಲ್ಲಿ ಮರಗಲ್ಲು ಸಿಕ್ಕಿತು’ ಅಂತ ಪಾಠದಲ್ಲಿ ಬರೆದರೆ ಮಕ್ಕಳ ಗತಿ! ಅಲ್ಲಿನಂತೆ ಉದ್ದಕ್ಕೆ ಮಲಗಿರುವ ಇಡೀ ಕಾಂಡಕ್ಕೆ ಕಲ್ಮರ, ಕೈಗೆ ಸಿಗುವ ತುಂಡಿಗೆ ಮರಗಲ್ಲು ಅಂತ ಹಂಚಿಕೊಂಡರೆ ಹೇಗೆ? ಸ್ವಲ್ಪ ಜಾಣತನ ಜಾಸ್ತಿ ಆಯಿತೇನೋ, ಆದರೂ ಕೇಳುತ್ತಿದ್ದೇನೆ.

ಇನ್ನೊಂದು ಸಣ್ಣ ವಿಷಯ. ಉಗುರಿನಿಂದಲೇ ಹಾಳೆ ಹಾಳೆಯಾಗಿ ಬಿಡಿಸಬಹುದಾದ ಅಭ್ರಕಕ್ಕೆ ‘ಕಾಗೆಬಂಗಾರ’ ಅನ್ನುವುದು ಹಳೆಯ ಬಳಕೆ. ಕಬ್ಬಿಣ, ಗಂಧಕ ಸೇರಿ ಆಗುವ ಪೈರೈಟಿಗೂ ಇದೇ ಹೆಸರು ಅಂಟಿಸಬಹುದೇ? ಅದು ಹಾಳೆಯಾಗಿ ಬಿಡುವುದಿಲ್ಲ, ಹಲವು ಸಲ ದಾಳದ ಆಕಾರದಲ್ಲಿ ಸಿಗುತ್ತದೆ. ಹಳದಿಯಾಗಿ ಹೊಳೆದರೂ ಒರಟು ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದಾಗ ಬೀಳುವ ಗೆರೆ ಹಸಿರುಗಪ್ಪು. ‘ಮೂರ್ಖರ ಚಿನ್ನ’ ಅನ್ನುವುದು ಸುಮ್ನೆ ಇಂಗ್ಲಿಷಿನ ಎರವಲು. ಕಲ್ಲು ಒಡೆಯುವವರ, ಬಾವಿ ತೋಡುವವರ ಬಾಯಲ್ಲಿ ಇದಕ್ಕೆ ಬೇರೆ ಹೆಸರು ಕೇಳಿದವರಿದ್ದರೆ ದಯವಿಟ್ಟು ತಿಳಿಸಿ. ಯಾವ ಸೀಮೆಯ ಮಾತು ಅನ್ನುವುದನ್ನೂ ಬರೆಯಿರಿ.