ಗೆಳೆಯ ಕಳುಹಿಸುವ ಪಿಯಾನೋ ಸಂಗೀತಕ್ಕೆ ಏನೆಂದು ಉತ್ತರಿಸಲಿ?

ಪ್ರಶ್ನೆ: ಕರ್ನಾಟಕ ಸಂಗೀತ ಕೇಳುತ್ತ ಬೆಳೆದವಳು ನಾನು. ಗೆಳೆಯನೊಬ್ಬ ವಾರಕ್ಕೆ ಐದಾರು ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೋ ಧ್ವನಿಮುದ್ರಣಗಳನ್ನು ಕಳುಹಿಸುತ್ತಾನೆ. ‘ಚೆನ್ನಾಗಿದೆ’ ಎಂಬುದರಾಚೆ ನನಗೆ ಮಾತು ಹೊರಡುವುದಿಲ್ಲ. ಅನುಭವ ಇರುವವರು ದಾರಿ ತೋರಿಸಿ.

ಉತ್ತರ: ಐದಾರು ಬೇಡ, ಒಂದೇ ಕೃತಿಯ ಎರಡು ಧ್ವನಿಮುದ್ರಣ ಕಳುಹಿಸು ಎಂದು ಅವರಿಗೆ ಹೇಳಿ. ನನ್ನ ಗೆಳತಿ ನನಗೆ ಹಾಗೆಯೇ ಕಲಿಸಿದಳು. ಜರ್ಮನಿಯ ಸಂಗೀತ ರಚನಕಾರ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಎಂಬ ಕೃತಿಯಲ್ಲಿ ಆರಿಯಾ ಎಂಬ ಚಿಕ್ಕ ರಚನೆಯೊಂದಿದೆ, ಅದರ ಬೆನ್ನಿಗೆ ಮೂವತ್ತು ರೂಪಾಂತರಗಳು, ಕೊನೆಗೆ ಮತ್ತೆ ಅದೇ ಆರಿಯಾ. ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್ ಇದನ್ನು 1955ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ ಧ್ವನಿಮುದ್ರಿಸಿದರು, 1981ರಲ್ಲಿ ಮತ್ತೊಮ್ಮೆ. ಮರುವರ್ಷವೇ ತೀರಿಕೊಂಡರು. ಮೊದಲ ಸಲ ಆರಿಯಾ ಎರಡು ನಿಮಿಷದೊಳಗೆ ಮುಗಿಯುತ್ತದೆ, ಎರಡನೆಯ ಸಲ ಮೂರು ನಿಮಿಷ ದಾಟುತ್ತದೆ. ಆರಂಭದಲ್ಲಿ ಬಲಗೈ ಒಂದೇ ಸ್ವರವನ್ನು ಎರಡು ಬಾರಿ ನುಡಿಸುತ್ತದೆ. 1981ರಲ್ಲಿ ಆ ಎರಡರ ನಡುವೆ ಕಿವಿ ಕಾಯಬೇಕಾಗುತ್ತದೆ. ನಾನು ಗೆಳತಿಗೆ ಬರೆದ ಮೊದಲ ನಿಜವಾದ ಮಾತು ಆ ಕಾಯುವಿಕೆಯ ಬಗ್ಗೆಯೇ ಇತ್ತು. ಕಾಲಪ್ರಮಾಣದ ವ್ಯತ್ಯಾಸವನ್ನು ನಿಮ್ಮ ಕಿವಿ ಮೊದಲೇ ಬಲ್ಲದು, ಆ ಬಲದ ಮೇಲೆ ಮಾತನಾಡಿ. ಹಿನ್ನೆಲೆಯಲ್ಲಿ ಗೂಲ್ಡ್ ಗುನುಗುವುದೂ ಕೇಳಿಸುತ್ತದೆ. ನನ್ನ ಗೆಳತಿಗೆ ಅದು ಕಿರಿಕಿರಿ, ನನಗೆ ಬಲು ಪ್ರಿಯ. ಇಂದಿಗೂ ನಮ್ಮ ವಾದ ನಿಂತಿಲ್ಲ.

ಇನ್ನೊಬ್ಬರು: ನಾನು ವೀಣೆ ಕಲಿತವನು. ಗಮಕವಿಲ್ಲವೆಂದು ಪಿಯಾನೋ ನನಗೆ ವರ್ಷಗಟ್ಟಲೆ ಒಗ್ಗಲಿಲ್ಲ. ಕೀಲಿ ಒತ್ತಿದ ಮೇಲೆ ಆ ಸ್ವರವನ್ನು ಬಾಗಿಸಲೂ ಆಗದು, ಹಿಗ್ಗಿಸಲೂ ಆಗದು. ಅದು ಕ್ಷೀಣಿಸುತ್ತಲೇ ಹೋಗುತ್ತದೆ. ಹಾಗಿದ್ದರೂ ಹಾಡುವಂತೆ ಕೇಳಿಸುವುದು ಹೇಗೆ? ಒತ್ತು, ಕಾಲ, ಪೆಡಲ್ (ಸ್ವರವನ್ನು ಉಳಿಸಲು ಕಾಲಿನಿಂದ ಒತ್ತುವ ಮೆಟ್ಟು) ಇವಿಷ್ಟರಿಂದಲೇ. ಒಂದು ಸ್ವರ ಆರುವ ಮೊದಲು ಮುಂದಿನದು ಎಷ್ಟು ಮೆತ್ತಗೆ ಬಂದು ಕೂಡುತ್ತದೆ ಎಂಬುದನ್ನು ಗಮನಿಸಿ. ಅದಕ್ಕೆ ರೊಮೇನಿಯಾದ ಪಿಯಾನೋ ವಾದಕ ದಿನು ಲಿಪಾಟ್ಟಿ ಅವರನ್ನು ಕೇಳಲೇಬೇಕು. 1950ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಬೆಜಾನ್ಸೋನ್‌ನಲ್ಲಿ ಅವರ ಕೊನೆಯ ಕಛೇರಿ. ಕಾಯಿಲೆ ಮೈಯನ್ನು ಹಿಂಡಿಹಾಕಿತ್ತು. ಸಂಗೀತ ರಚನಕಾರ ಶೋಪೆನ್‌ನ ಹದಿನಾಲ್ಕು ವಾಲ್ಟ್ಸ್‌ಗಳಲ್ಲಿ (ಮೂರೆಣಿಕೆಯ ನೃತ್ಯಲಯದ ರಚನೆಗಳು) ಹದಿಮೂರನ್ನು ನುಡಿಸಿದರು, ಕೊನೆಯದಕ್ಕೆ ತ್ರಾಣ ಉಳಿದಿರಲಿಲ್ಲ. ಡಿಸೆಂಬರ್‌ನಲ್ಲಿ ಹೋದರು, ಮೂವತ್ಮೂರು ವಯಸ್ಸು. ಈ ಕಥೆಯನ್ನು ಆಮೇಲೆ ನೆನೆಯಿರಿ, ಮೊದಲು ಬರೀ ಕೇಳಿ. ಆ ನುಡಿಸಾಣಿಕೆಯಲ್ಲಿ ನರಳಿಕೆಯ ಸುಳಿವೇ ಇಲ್ಲ.

ಮತ್ತೊಬ್ಬರು: ಹಳೆಯ ಮುದ್ರಣಗಳನ್ನು ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ, ಎಡಗೈಯ ಮಂದ್ರ ಸ್ವರಗಳೇ ಮಾಯವಾಗುತ್ತವೆ. ಮೆಚ್ಚಿದ ಜಾಗದ ನಿಮಿಷ, ಸೆಕೆಂಡು ಬರೆದು ಕಳುಹಿಸಿ. ಹೊಗಳಿಕೆಗಿಂತ ಅದೇ ಗೆಳೆಯನಿಗೆ ಹೆಚ್ಚು ಇಷ್ಟವಾಗುತ್ತದೆ.

ಪ್ರಶ್ನೆ ಕೇಳಿದವರು: ನಿನ್ನೆ ರಾತ್ರಿ ಎರಡೂ ಆರಿಯಾ ಕೇಳಿದೆ. ‘ಎರಡನೆಯದರಲ್ಲಿ ಎಡಗೈ ತಂಬೂರಿಯಂತೆ ಜೊತೆಗಿದೆ’ ಎಂದು ಅವನಿಗೆ ಬರೆದೆ. ಅವನು ಕೂಡಲೇ ಕರೆ ಮಾಡಿ, ‘ತಂಬೂರಿ ಎಂದರೇನು, ಒಂದಿಷ್ಟು ಕೇಳಿಸು’ ಎಂದ.