ಮರಳುಗಾಡಿನ ದಾರಿಯಲ್ಲಿ ದಿಢೀರ್ ಅಂತ ಪ್ರಾಣಿ ಕಂಡರೆ ಫೋಟೋ ಹೇಗೆ ತೆಗೀತೀರಿ?

ಕೇಳಿದವರು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ನಾವು ಗುಜರಾತಿನ ಕಛ್ ಚಿಕ್ಕ ರಣ್ ಕಡೆ ಹೋಗಿದ್ದೆವು. ಉಪ್ಪಿನ ಬಯಲಿನ ಅಂಚಿಗೆ ಹೋಗುವಾಗ ಆರೇಳು ಕಾಡುಕತ್ತೆಗಳು ನಿಂತಿದ್ದವು. ನಮ್ಮ ಮನೆಯವರು ಗಕ್ಕನೆ ಬ್ರೇಕ್ ಹಾಕಿದರು. ನಾನು ಹಿಂದಿನ ಸೀಟಿನ ಬ್ಯಾಗಿನಿಂದ ಕ್ಯಾಮೆರಾ ಎಳೆದು, ಮುಚ್ಚಳ ತೆಗೆದು, ಕಾರಿನಿಂದ ಇಳಿದು ಕಣ್ಣಿಗೆ ಹಿಡಿಯುವಷ್ಟರಲ್ಲಿ ಸಿಕ್ಕಿದ್ದು ಧೂಳು. ಧೂಳಿನೊಳಗೆ ಒಂದು ಬಾಲ. ಮಗ ಆ ಫೋಟೋಗೆ ‘ಅಮ್ಮನ ಕತ್ತೆ’ ಅಂತ ಹೆಸರಿಟ್ಟಿದ್ದಾನೆ.

ಈ ಡಿಸೆಂಬರಿನಲ್ಲಿ ಊರಿನಿಂದಲೇ ಕಾರಿನಲ್ಲಿ ಜೈಸಲ್ಮೇರ್‌ಗೆ ಹೊರಟಿದ್ದೇವೆ. ಸಫಾರಿ ಏನೂ ಇಲ್ಲ, ದಾರಿಯಲ್ಲಿ ಕಂಡರೆ ಕಂಡಿತು ಅಷ್ಟೇ. ಸಾಧಾರಣ ಕ್ಯಾಮೆರಾ, 70-300 ಲೆನ್ಸ್ ಇದೆ. ಅನುಭವ ಇದ್ದವರು ಹೇಳಿ, ಈ ಸಲವಾದರೂ ಮುಖ ಬರಬೇಕು.

ಚಿತ್ರದುರ್ಗದಿಂದ

ಅಕ್ಕ, ನೀವು ಮಾಡಿದ ತಪ್ಪು ಒಂದೇ. ಕಾರಿನಿಂದ ಇಳಿದಿದ್ದು. ಬ್ಯಾಗು, ಮುಚ್ಚಳ ಎಲ್ಲ ಆಮೇಲಿನ ಮಾತು.

ನಾನೂ ಇದೇ ಮಾಡಿದ್ದೆ. ಜೈಸಲ್ಮೇರ್ ಹತ್ತಿರದ ಸಮ್ ಮರಳು ದಿಬ್ಬಗಳಿಂದ ಖುರಿ ಹಳ್ಳಿ ಕಡೆ ಬರುವಾಗ ಒಂದು ನರಿ ರಸ್ತೆಯಿಂದ ಮೂವತ್ತು ಹೆಜ್ಜೆ ದೂರದಲ್ಲಿ ಬಿಸಿಲು ಕಾಯಿಸುತ್ತಾ ಕೂತಿತ್ತು. ಕಾರು ಹತ್ತಿರ ಬಂದು ನಿಂತರೂ ಅಲ್ಲಾಡಲಿಲ್ಲ. ಇಷ್ಟು ಸಾಧು ನರಿನಾ ಅಂದುಕೊಂಡು ಬಾಗಿಲು ತೆಗೆದೆ. ಟಪ್ ಅಂತ ಸದ್ದಾಗಿದ್ದೇ ತಡ, ಮಾಯ. ಅಲ್ಲಿ ಬಚ್ಚಿಟ್ಟುಕೊಳ್ಳೋಕೆ ಒಂದು ಗಿಡವೂ ಇರಲಿಲ್ಲ, ಆದರೂ ಹೇಗೆ ಕಾಣೆಯಾಯಿತೋ ಇವತ್ತಿಗೂ ಗೊತ್ತಿಲ್ಲ.

ದಿನಾ ಗಾಡಿ ನೋಡುವ ಪ್ರಾಣಿಗೆ ಕಾರಿನ ಭಯ ಅಷ್ಟಿಲ್ಲ. ಅದರೊಳಗಿಂದ ಎರಡು ಕಾಲಿನ ಆಕಾರ ಹೊರಗೆ ಬಂತು ಅಂದರೆ ಮಾತ್ರ ಕಥೆ ಮುಗೀತು. ಎರಡನೇ ಸಲ ಹೋದಾಗ ಇಳಿಯಲೇ ಇಲ್ಲ. ಕಿಟಕಿ ಮೊದಲೇ ಇಳಿಸಿತ್ತು, ಕ್ಯಾಮೆರಾ ಆನ್ ಆಗಿ ತೊಡೆ ಮೇಲಿತ್ತು. ಇನ್ನೊಂದು ನರಿ ಸಿಕ್ಕಿತು. ಇಪ್ಪತ್ತು ನಿಮಿಷ ನಮ್ಮ ಮುಂದೆಯೇ ಮೈ ನೆಕ್ಕಿಕೊಂಡು, ಆಕಳಿಸಿ, ಇಲಿ ಬಿಲ ಕೆದಕಿ, ಬೇಜಾರಾಗಿ ಎದ್ದು ಹೋಯಿತು. ಮನೆಗೆ ಬಂದು ಫೋಟೋ ದೊಡ್ಡದು ಮಾಡಿ ನೋಡಿದರೆ ಬಾಲದ ತುದಿ ಬೆಳ್ಳಗಿತ್ತು. ನಮ್ಮ ಬಯಲುಸೀಮೆಯ ಸಣ್ಣ ನರಿಗೆ ಬಾಲದ ತುದಿ ಕಪ್ಪು, ಮರುಭೂಮಿಯ ನರಿಗೆ ಬಿಳಿ. ಬಾಲವೂ ಫ್ರೇಮಿನಲ್ಲಿ ಬರಲಿ ಅಂತ ಹೇಳೋದು ಇದಕ್ಕೇ. ಮುಖ ಮುಖ ಅಂತ ಹೊರಟರೆ ಯಾವ ನರಿ ಅಂತಲೇ ಗೊತ್ತಾಗೋಲ್ಲ.

ಇನ್ನೊಂದು ಮಾತು. 300 ಲೆನ್ಸಿನಲ್ಲಿ ಪ್ರಾಣಿ ಸಣ್ಣದಾಗಿಯೇ ಬರುತ್ತದೆ. ಬರಲಿ ಬಿಡಿ. ನಾನು ಈಗ ಕ್ರಾಪ್ ಮಾಡೋದನ್ನೇ ಕಡಿಮೆ ಮಾಡಿದ್ದೇನೆ. ಆ ಖಾಲಿ ಬಯಲು, ದೂರದಲ್ಲೊಂದು ಖೇಜ್ರಿ ಮರ, ಅದರ ಕೆಳಗೆ ಚಿಂಕಾರ ಜಿಂಕೆ. ನೋಡಿದವರಿಗೆ ಆ ಜಾಗದ ಬಿಸಿಲು ತಾಕುತ್ತದೆ. ಅಲ್ಲಿ ಕೆಲವು ಕಡೆ ನೆಲ ನೋಡಿದರೆ ನಮ್ಮ ಚಳ್ಳಕೆರೆ ಕಾವಲಿನ ಅಣ್ಣತಮ್ಮನ ಹಾಗಿದೆ, ನಿಮಗೇ ಅನ್ನಿಸುತ್ತದೆ ನೋಡಿ.

ಓಡುವ ಪ್ರಾಣಿಯ ಹಿಂದೆ ಗಾಡಿ ಬಿಡಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಪ್ರಾಣಿಯನ್ನು ಅಟ್ಟುವುದೂ ‘ಬೇಟೆ’ ಅನ್ನುವುದರೊಳಗೇ ಬರುತ್ತದೆ. ಜೋಧಪುರದ ಕಡೆ ಬಿಷ್ಣೋಯ್ ಹಳ್ಳಿಗಳಲ್ಲಿ ಕಾನೂನಿಗಿಂತ ಮೊದಲು ಊರವರೇ ಬಂದು ನಿಲ್ಲುತ್ತಾರೆ. 1730ರಲ್ಲಿ ಖೇಜರ್ಲಿ ಹಳ್ಳಿಯಲ್ಲಿ ಮರ ಉಳಿಸೋಕೆ 363 ಜನ ಪ್ರಾಣ ಕೊಟ್ಟ ಸಮುದಾಯ ಅದು. ಜಿಂಕೆ ಅವರ ಹೊಲದಲ್ಲೇ ಮೇಯುತ್ತಿರುತ್ತದೆ. ಕೇಳಿ ತೆಗೆದರೆ ಖುಷಿಯಿಂದ ಜಾಗವನ್ನೂ ತೋರಿಸುತ್ತಾರೆ.

ದಾವಣಗೆರೆಯಿಂದ, ಟೂರಿಸ್ಟ್ ಗಾಡಿ ಓಡಿಸುವವರು

ಮೇಡಂ, ನನಗೆ ಕ್ಯಾಮೆರಾ ಗೊತ್ತಿಲ್ಲ, ಗಾಡಿ ಗೊತ್ತು. ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ.

ಗಕ್ಕನೆ ಬ್ರೇಕ್ ಹಾಕಿದ್ದು ಮೊದಲ ತಪ್ಪು. ಹಿಂದೆ ಲಾರಿ ಇದ್ದಿದ್ದರೆ? ಪ್ರಾಣಿ ಕಂಡ ತಕ್ಷಣ ಮೊದಲು ಹಿಂದಿನ ಕನ್ನಡಿ ನೋಡಬೇಕು. ಆಮೇಲೆ ಇಂಡಿಕೇಟರ್ ಹಾಕಿ, ಕಾಲು ತೆಗೆದು, ಗಾಡಿ ತಾನಾಗೇ ನಿಧಾನ ಆಗೋಕೆ ಬಿಡಬೇಕು. ಪ್ರಾಣಿಗೂ ಅದೇ ಒಳ್ಳೇದು. ನನ್ನ ಲೆಕ್ಕದಲ್ಲಿ ಸ್ವಲ್ಪ ದಾಟಿ ಹೋಗಿ ನಿಲ್ಲಿಸಬೇಕು. ಎದುರಿಗೇ ನಿಲ್ಲಿಸಿದರೆ ತನಗೋಸ್ಕರ ನಿಂತರು ಅಂತ ಅದಕ್ಕೆ ಅನುಮಾನ ಬರುತ್ತದೆ.

ಟಾರ್ ಬಿಟ್ಟು ಚಕ್ರ ಮರಳಿಗೆ ಇಳಿಸಬೇಡಿ. ನಮ್ಮ ಜಗಳೂರು ಕಡೆ ಮಳೆ ಬಿದ್ದ ಎರೆ ಮಣ್ಣಿಗೆ ಗಾಡಿ ಇಳಿಸಿದವರಿಗೆ ಗೊತ್ತು ಆ ಕಷ್ಟ. ಮರಳಿನಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಹೂತುಕೊಳ್ಳುತ್ತದೆ. ಸಿಕ್ಕಿಕೊಂಡರೆ ಒತ್ತೋದು ನಿಲ್ಲಿಸಿ, ಚಕ್ರದ ಮುಂದಿನ ಮರಳು ಕೈಯಲ್ಲಿ ತೆಗೆದು, ಕಾರಿನೊಳಗಿನ ಮ್ಯಾಟ್ ಹಾಕಿ, ಟೈರಿನ ಗಾಳಿ ಸ್ವಲ್ಪ ಇಳಿಸಿ ಎತ್ತಬೇಕು. ಗಾಳಿ ತುಂಬುವ ಸಣ್ಣ ಪಂಪ್ ಜೊತೆಗಿರಲಿ. ನಮ್ಮ ಬಳ್ಳಾರಿ ಜಾಲಿ ಅಲ್ಲೂ ಇದೆ, ಹೆಸರು ಬೇರೆ, ಮುಳ್ಳು ಅದೇ.

ಕತ್ತಲಾದ ಮೇಲೆ ಓಡಿಸಲೇಬೇಡಿ. ನೀಲಗಾಯ್ ರಸ್ತೆಗೆ ಹಾರುತ್ತದೆ. ಒಂಟೆ ಇನ್ನೂ ಅಪಾಯ. ಕಾಲು ಉದ್ದ, ಗುದ್ದಿದರೆ ಇಡೀ ಮೈ ಗ್ಲಾಸಿನ ಮೇಲೆ ಬೀಳುತ್ತದೆ. ರಾತ್ರಿ ಪ್ರಾಣಿ ಫೋಟೋದ ಆಸೆಯೇ ಬೇಡ.

ದಾವಣಗೆರೆಯಿಂದ, ಸ್ಟುಡಿಯೋ ಇಟ್ಟಿರುವವರು

ಮೇಲಿನವರು ದಾಟಿ ನಿಲ್ಲಿಸಿ ಅಂದರು. ಸರಿ, ಆದರೆ ಸೂರ್ಯ ಯಾವ ಕಡೆ ಇದ್ದಾನೆ ನೋಡಿಕೊಂಡು. ದಾಟಿ ನಿಂತು ಬಿಸಿಲು ಎದುರಾದರೆ ಮುಖ ಬರೋಲ್ಲ, ಬರೀ ನೆರಳಿನ ಆಕಾರ ಬರುತ್ತದೆ.

ಮದುವೆ ಫೋಟೋ ನನ್ನ ಕಸುಬು. ಹಾಗಾಗಿ ಬಿಸಿಲ್ಗುದುರೆ ಎಷ್ಟು ಮೋಸ ಮಾಡುತ್ತದೆ ಅಂತ ಜೈಸಲ್ಮೇರ್‌ಗೆ ಹೋದಾಗಲೇ ಗೊತ್ತಾಗಿದ್ದು. ಮಧ್ಯಾಹ್ನ ತೆಗೆದ ಚಿಂಕಾರ ಒಂದೂ ಶಾರ್ಪ್ ಇಲ್ಲ. ಲೆನ್ಸ್ ಕೆಟ್ಟಿತು ಅಂತ ರಾತ್ರಿಯೆಲ್ಲ ತಲೆ ಕೆಡಿಸಿಕೊಂಡೆ. ಬೆಳಿಗ್ಗೆ ಅದೇ ಲೆನ್ಸಿನಲ್ಲಿ ರೋಮ ರೋಮ ಬಂತು! ತಪ್ಪು ಲೆನ್ಸಿನದಲ್ಲ, ನೆಲದಿಂದ ಏಳುವ ಬಿಸಿ ಗಾಳಿಯದು. ದೂರದ ಪ್ರಾಣಿಗೂ ನಿಮಗೂ ಮಧ್ಯೆ ಆ ಗಾಳಿ ನಡುಗುತ್ತಿದ್ದರೆ ಎಂಥ ದುಬಾರಿ ಲೆನ್ಸೂ ಏನೂ ಮಾಡೋಕಾಗೋಲ್ಲ. ಇದೇ ಬಿಸಿ ಗಾಳಿ ನಿಮ್ಮ ಕಾರಿನ ಬಾನೆಟ್ ಮೇಲೂ ಏಳುತ್ತದೆ, ಆದ್ದರಿಂದ ಪಕ್ಕದ ಕಿಟಕಿಯಿಂದ ತೆಗೆಯಿರಿ. ಎಸಿ ಹಾಕಿಕೊಂಡು ಹೋಗಿ ತಟ್ಟನೆ ಕಿಟಕಿ ಇಳಿಸಿದರೂ ಒಳಗಿನ ತಂಪು, ಹೊರಗಿನ ಬಿಸಿ ಸೇರಿ ಕಿಟಕಿಯ ಬಾಯಲ್ಲೇ ಚಿತ್ರ ಕದಡುತ್ತದೆ. ಪ್ರಾಣಿ ಸಿಗಬಹುದು ಅನ್ನಿಸುವ ಜಾಗದಲ್ಲಿ ಮೊದಲೇ ಎಸಿ ಆರಿಸಿ, ಕಿಟಕಿ ತೆರೆದುಬಿಡಿ. ಡಿಸೆಂಬರ್ ಆದ್ದರಿಂದ ತಡೆದುಕೊಳ್ಳಬಹುದು. ಬೆಳಿಗ್ಗೆಯೇ ಹೊರಡಿ, ಆದರೆ ಅಲ್ಲಿ ಸೂರ್ಯ ಹುಟ್ಟೋದು ಏಳು ದಾಟಿದ ಮೇಲೆ, ನಮ್ಮೂರಿನ ಲೆಕ್ಕ ಹಾಕಬೇಡಿ.

ಸೆಟ್ಟಿಂಗ್ ಜಾಸ್ತಿ ಹೇಳೋಲ್ಲ. ಅಪರ್ಚರ್ 5.6, ಐಎಸ್‌ಒ ಆಟೋ, ಶಟರ್ ವೇಗ 1/1000ಕ್ಕಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳಿ, ಓಡುತ್ತಿದ್ದರೆ 1/2000. ಬೆಳ್ಳನೆ ಮರಳು ಕಂಡರೆ ಕ್ಯಾಮೆರಾ ಹೆದರಿ ಫೋಟೋ ಕಪ್ಪು ಮಾಡುತ್ತದೆ, ಎಕ್ಸ್‌ಪೋಷರ್ ಅನ್ನು +0.7 ಇಟ್ಟುಕೊಳ್ಳಿ. ಲೆನ್ಸ್ ಬದಲಾಯಿಸೋ ಕೆಲಸ ಹೊರಗೆ ಬೇಡವೇ ಬೇಡ. ಮರಳಿನ ಕಣ ಕೂತರೆ ಬಟ್ಟೆಯಲ್ಲಿ ಒರೆಸಬೇಡಿ, ಗೀರು ಬೀಳುತ್ತದೆ. ಮೊದಲು ಬ್ಲೋಯರ್‌ನಿಂದ ಊದಿ.

ಜಗಳೂರಿನಿಂದ, ಶಾಲಾ ಮೇಷ್ಟರು

ಕಿಟಕಿ ಮೇಲೆ ಕ್ಯಾಮೆರಾ ಊರೋಕೆ ಚೀಲ ಬೇಕು. ಅಂಗಡಿಯಲ್ಲಿ ಬೀನ್ ಬ್ಯಾಗ್ ಅಂತ ಮಾರುತ್ತಾರೆ. ನನ್ನದು ಹಳೇ ಪ್ಯಾಂಟಿನ ಕಾಲು, ಎರಡು ಕಡೆ ಹೊಲಿದು ಮೂರು ಕೆಜಿ ರಾಗಿ ತುಂಬಿದ್ದು. ಕಿಟಕಿಯ ಮೇಲೆ ತಡಿಯ ಹಾಗೆ ಕೂರುತ್ತದೆ, ಅಲ್ಲಾಡೋಲ್ಲ. ಒಮ್ಮೆ ಹಗುರ ಆಗಲಿ ಅಂತ ಮಂಡಕ್ಕಿ ತುಂಬಿದ್ದೆ. ದಾವಣಗೆರೆಯವರು ನಗಬೇಡಿ. ಕರಕರ ಸದ್ದಿಗೆ ನವಿಲೂ ನಿಲ್ಲಲಿಲ್ಲ. ಕ್ಯಾಮೆರಾ ಊರಿದ ಮೇಲೆ ಎಂಜಿನ್ ಆರಿಸಿ, ಇಲ್ಲದಿದ್ದರೆ ಆ ನಡುಕವೂ ಫೋಟೋಗೆ ಬರುತ್ತದೆ.

ಹೋಗುವ ಮುಂಚೆ ಇಲ್ಲೇ ಅಭ್ಯಾಸ ಮಾಡಿ. ನಮ್ಮ ರಂಗಯ್ಯನದುರ್ಗದ ಕೊಂಡುಕುರಿ ಸುಲಭಕ್ಕೆ ಸಿಗೋಲ್ಲ, ಪೊದೆಯೊಳಗಿನ ನಾಚಿಕೆ ಪ್ರಾಣಿ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ನಿಮಗೆ ಅದೇ ಹೈವೇ 48ರ ಮೇಲೆ. ಬಯಲಿನ ಜಿಂಕೆ, ಚಿಂಕಾರದ ಹಾಗೇ ಗಾಬರಿ. ಆದರೆ ಜೋಗಿಮಟ್ಟಿ ಕಡೆ ಸಂಜೆ ಹೋಗಿ ಅಭ್ಯಾಸ ಅಂತ ನಿಂತುಕೊಳ್ಳಬೇಡಿ, ಕರಡಿ ಓಡಾಡುವ ಹೊತ್ತು.

ಮರಿ ಇರುವ ಬಿಲ, ಗೂಡು ಕಂಡರೆ ಫೋಟೋ ಹಾಕುವಾಗ ಜಾಗದ ಹೆಸರು ಹಾಕಬೇಡಿ. ಫೋನಿನಲ್ಲಿ ಲೊಕೇಶನ್ ಆರಿಸಿಡಿ. ಅದರಲ್ಲೂ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕಂಡರೆ. ದೇಶದಲ್ಲಿ ಉಳಿದಿರೋದು ಇನ್ನೂರರೊಳಗೆ ಅಂತ ಅಂದಾಜು, ಹೆಚ್ಚಿನವು ಜೈಸಲ್ಮೇರ್ ಸುತ್ತಲೇ ಇವೆ.

ಕೇಳಿದವರು

ಎಷ್ಟೊಂದು ಹೇಳಿದಿರಿ! ಒಂದೇ ಅನುಮಾನ. ಮಗನ ಹತ್ತಿರ ಫೋನ್ ಮಾತ್ರ ಇದೆ. ಅದರಲ್ಲಿ ಏನಾದರೂ ಬರುತ್ತದಾ?

ಚಿತ್ರದುರ್ಗದಿಂದ

ಬರುತ್ತದೆ. ಜೂಮ್ ಎಳೆಯೋದು ಬೇಡ ಅನ್ನಿ. 4ಕೆ ವಿಡಿಯೋ ಹಾಕಿಕೊಂಡು ಸುಮ್ನೆ ಹಿಡಿದಿರಲಿ. ಆಮೇಲೆ ಒಂದು ಫ್ರೇಮ್ ತೆಗೆದರೆ ಎಂಟು ಮೆಗಾಪಿಕ್ಸೆಲ್ ಸಿಗುತ್ತದೆ, ಮನೆಯಲ್ಲಿ ಗೋಡೆಗೆ ಹಾಕೋಕೆ ಸಾಕು. ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಮಾತ್ರ ಇಡಬಾರದು. ಮತ್ತೆ ಗಡಿ ಹತ್ತಿರ ಅಂತ ನೆನಪಿರಲಿ. ಚೆಕ್‌ಪೋಸ್ಟ್, ಸೈನ್ಯದ ಗಾಡಿ ಕಂಡಾಗ ಕ್ಯಾಮೆರಾ ಕೆಳಗೆ.

ಕೇಳಿದವರು, ಹತ್ತು ದಿನದ ಮೇಲೆ

ಭಾನುವಾರ ಬೆಳಿಗ್ಗೆ ರಾಣೆಬೆನ್ನೂರಿಗೆ ಹೋಗಿ ಬಂದೆವು. ಮೊದಲ ಎರಡು ಗುಂಪು ಓಡಿದವು. ಒಂದಕ್ಕೆ ನಮ್ಮ ಮನೆಯವರು ಹಾರ್ನ್ ತಾಗಿಸಿದ್ದು, ಇನ್ನೊಂದಕ್ಕೆ ನಾನೇ ಕೂಗಿದ್ದು. ಮೂರನೆಯದು ಒಂಟಿ ಗಂಡು ಕೃಷ್ಣಮೃಗ. ಯಾರೂ ಮಾತಾಡಲಿಲ್ಲ, ಯಾರೂ ಇಳಿಯಲಿಲ್ಲ. ಅದು ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಮೇಯೋಕೆ ಶುರು ಮಾಡಿತು. ಹಿಂದೆ ನೀಲಗಿರಿ ಮರಗಳು, ಮುಂದೆ ಒಣ ಹುಲ್ಲು. ಚಿತ್ರದುರ್ಗದವರು ಹೇಳಿದ ಹಾಗೆ ಸಣ್ಣದಾಗಿಯೇ ಬಿಟ್ಟಿದ್ದೇನೆ. ಮಗ ಈ ಸಲ ಹೆಸರಿಡಲಿಲ್ಲ, ಕೊಂಬಿನ ಸುತ್ತು ಎಣಿಸಿದ. ಮೂರು ಅಂದ.

ರಾಗಿ ಚೀಲ ಪ್ರಯಾಣಕ್ಕೆ ಸಿದ್ಧ. ತುಂಬಿದ ರಾಗಿ ಯಾವಾಗ ವಾಪಸ್ ಅಂತ ನಮ್ಮತ್ತೆ ಮಾತ್ರ ಕೇಳುತ್ತಲೇ ಇದ್ದಾರೆ.